ಐದೂವರೆ ತಿಂಗಳ ಮಗಳು ರಾತ್ರಿಯಿಡೀ ಗಂಟೆಗೊಮ್ಮೆ ಏಳುತ್ತಾಳೆ, ದಾರಿ ಹೇಳಿ

ನಿದ್ದೆಗೆಟ್ಟ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಐದೂವರೆ ತಿಂಗಳು. ಮೊದಲ ಮೂರು ತಿಂಗಳು ರಾತ್ರಿ ಎರಡು ಸಲ ಎದ್ದು ಹಾಲು ಕುಡಿದು ಮತ್ತೆ ಮಲಗಿಬಿಡುತ್ತಿದ್ದಳು. ನಾಲ್ಕು ತಿಂಗಳು ತುಂಬಿದ್ದೇ ತಡ, ಎಲ್ಲ ತಲೆಕೆಳಗಾಯಿತು. ಈಗ ಗಂಟೆಗೊಮ್ಮೆ, ಹೆಚ್ಚೆಂದರೆ ಒಂದೂವರೆ ಗಂಟೆಗೊಮ್ಮೆ ಏಳುತ್ತಾಳೆ. ಎದ್ದಾಗಲೆಲ್ಲ ಎದೆಗೆ ಹಾಕಿಕೊಂಡರೆ ಮಾತ್ರ ನಿದ್ದೆ. ನಿದ್ದೆ ಹತ್ತಿತು ಅಂತ ಮೆಲ್ಲಗೆ ಕೆಳಗೆ ಬಿಟ್ಟರೆ ಬೆನ್ನು ತಾಗುವಷ್ಟರಲ್ಲಿ ಕಣ್ಣು ಬಿಡುತ್ತಾಳೆ. ಮತ್ತೆ ರಚ್ಚೆ.

ತೂಕ ಚೆನ್ನಾಗಿ ಏರಿದೆ. ಡಾಕ್ಟರು "ಮಗು ಆರೋಗ್ಯವಾಗಿದೆ, ಇದೆಲ್ಲ ಸಹಜ" ಅಂತ ಹೇಳಿ ಕಳಿಸಿದರು. ಸಹಜ ಇರಬಹುದು, ಆದರೆ ನನಗೆ ತಡೆಯಲು ಆಗುತ್ತಿಲ್ಲ. ನಿನ್ನೆ ರಾತ್ರಿ ಮೂರು ಗಂಟೆಗೆ ಸೋಫಾ ಮೇಲೆ ಕೂತು ಹಾಲು ಕೊಡುತ್ತಿದ್ದೆ. ಯಾವಾಗ ಕಣ್ಣು ಮುಚ್ಚಿದೆನೋ ಗೊತ್ತಿಲ್ಲ. ಎಚ್ಚರವಾದಾಗ ಮಗು ತೋಳಿನಿಂದ ಜಾರಿ ಸೋಫಾದ ಸಂದಿಯ ಕಡೆ ವಾಲಿತ್ತು. ಏನೂ ಆಗಲಿಲ್ಲ. ಆದರೆ ಬೆಳಗಿನಿಂದ ಅದೇ ಕಣ್ಣ ಮುಂದೆ ಬರುತ್ತಿದೆ.

ಮುಂದಿನ ತಿಂಗಳು ಕೆಲಸಕ್ಕೆ ಹೋಗಬೇಕು. ಸ್ವಲ್ಪ ದಿನ ಅಳಲು ಬಿಡಿ, ತಾನೇ ಕಲಿಯುತ್ತೆ ಅಂತ ಕೆಲವರು ಹೇಳುತ್ತಾರೆ. ಹಾಗೆ ಮಾಡಿದರೆ ಮಗುವಿನ ಮನಸ್ಸಿಗೆ ಪೆಟ್ಟು ಅಂತ ಇನ್ನು ಕೆಲವರು. ಯಾರ ಮಾತು ಕೇಳಲಿ? ಈ ವಯಸ್ಸಿನ ಮಗು ರಾತ್ರಿಯಿಡೀ ಮಲಗುವುದು ನಿಜವಾಗಿಯೂ ಸಾಧ್ಯವಾ?

ಮಕ್ಕಳ ವಾರ್ಡ್ ನರ್ಸ್

ಮೊದಲು ಸೋಫಾ ವಿಷಯ. ಉಳಿದದ್ದೆಲ್ಲ ಆಮೇಲೆ.

ಇವತ್ತು ರಾತ್ರಿಯಿಂದಲೇ ಸೋಫಾ ಅಥವಾ ಆರಾಮ ಕುರ್ಚಿಯಲ್ಲಿ ಕೂತು ರಾತ್ರಿ ಹಾಲು ಕೊಡುವುದನ್ನು ನಿಲ್ಲಿಸಿ. ಮಗುವನ್ನು ಹಿಡಿದುಕೊಂಡು ಸೋಫಾದಲ್ಲಿ ನಿದ್ದೆ ಹೋಗುವುದು ಅತಿ ಅಪಾಯದ ಸಂಗತಿಗಳಲ್ಲಿ ಒಂದು. ಮೆತ್ತನೆ ಸಂದಿಯಲ್ಲಿ ಮೂಗು ಒತ್ತಿಕೊಂಡರೆ ಮಗುವಿಗೆ ತಲೆ ತಿರುಗಿಸಿಕೊಳ್ಳುವಷ್ಟು ಶಕ್ತಿ ಇರುವುದಿಲ್ಲ. ತೂಕಡಿಕೆ ಬರಬಹುದು ಅನ್ನಿಸಿದರೆ ನಿಮ್ಮ ಹಾಸಿಗೆಯ ಮೇಲೇ ಹಾಲು ಕೊಡಿ. ಅದಕ್ಕೂ ಮುಂಚೆ ದಿಂಬು, ಹೊದಿಕೆ ಎಲ್ಲ ದೂರ ಸರಿಸಿ. ಅಕಸ್ಮಾತ್ ಕಣ್ಣು ಮುಚ್ಚಿದರೂ ಸೋಫಾದಷ್ಟು ಅಪಾಯ ಅಲ್ಲಿಲ್ಲ. ಎಚ್ಚರವಾದ ತಕ್ಷಣ ಮಗುವನ್ನು ಅದರ ಜಾಗದಲ್ಲಿ ಮಲಗಿಸಿ.

ಅದರ ಜಾಗ ಹೇಗಿರಬೇಕು ಅಂದರೆ, ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ಬಿಗಿಯಾಗಿ ಹಾಸಿದ ಬಟ್ಟೆ, ಅಷ್ಟೇ. ದಿಂಬು ಬೇಡ, ಸಡಿಲ ಹೊದಿಕೆ ಬೇಡ, ಗೊಂಬೆ ಬೇಡ, ಸುತ್ತಲೂ ಮೆತ್ತೆ ಬೇಡ. ಯಾವಾಗಲೂ ಅಂಗಾತ ಮಲಗಿಸಿ. ಹಗಲು ನಿದ್ದೆಗೂ ಇದೇ ನಿಯಮ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಅಂತ ದೊಡ್ಡ ಪ್ರಚಾರ ಶುರುವಾಯಿತು. ಅದಾದ ಕೆಲವೇ ವರ್ಷಗಳಲ್ಲಿ ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವ ಮಕ್ಕಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಕನಿಷ್ಠ ಆರು ತಿಂಗಳವರೆಗೆ ನಿಮ್ಮ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಿಸುವುದು ಒಳ್ಳೆಯದು.

ಹೊಟ್ಟೆ ತಣ್ಣಗಿರಬಹುದು ಅಂತ ಮೇಲೆ ಮೇಲೆ ಬಟ್ಟೆ ಹಾಕಬೇಡಿ. ಜಾಸ್ತಿ ಸೆಕೆಯೂ ಅಪಾಯ. ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರ ಕಡಿಮೆ ಮಾಡಿ. ಕೈಕಾಲು ಸ್ವಲ್ಪ ತಣ್ಣಗಿರುವುದು ಮಾಮೂಲು.

ಇಬ್ಬರು ಮಕ್ಕಳ ಅಮ್ಮ

ನಿಮ್ಮ ಬರಹ ಓದುವಾಗ ನನ್ನ ದೊಡ್ಡ ಮಗನ ದಿನಗಳು ಹಾಗೇ ನೆನಪಾದವು. ನೀವು ಏನೂ ತಪ್ಪು ಮಾಡಿಲ್ಲ. ನಾಲ್ಕನೇ ತಿಂಗಳ ಹೊತ್ತಿಗೆ ಹೀಗಾಗುವುದಕ್ಕೆ ಕಾರಣ ಇದೆ.

ಹುಟ್ಟಿದ ಹೊಸದರಲ್ಲಿ ಮಗುವಿಗೆ ಹಗಲು ರಾತ್ರಿ ಎರಡೂ ಒಂದೇ. ಅದರ ನಿದ್ದೆಯಲ್ಲಿ ಅರ್ಧದಷ್ಟು ಚಡಪಡಿಸುವ ನಿದ್ದೆ. ಕಣ್ಣು ಮುಚ್ಚಿಕೊಂಡೇ ನಗುತ್ತೆ, ಮುಲುಗುತ್ತೆ, ಕೈಕಾಲು ಕೊಸರುತ್ತೆ. ಎರಡರಿಂದ ನಾಲ್ಕು ತಿಂಗಳೊಳಗೆ ಮೈಯೊಳಗಿನ ಗಡಿಯಾರ ಕೂಡಿಕೊಳ್ಳುತ್ತೆ. ನಿದ್ದೆ ದೊಡ್ಡವರ ಥರ ಹಂತ ಹಂತವಾಗುತ್ತೆ. ನಮಗೆ ಒಂದು ಸುತ್ತು ಸುಮಾರು 90 ನಿಮಿಷ. ಮಕ್ಕಳಿಗೆ 50, 60 ನಿಮಿಷ. ಪ್ರತಿ ಸುತ್ತು ಮುಗಿದಾಗಲೂ ನಿದ್ದೆ ತೆಳುವಾಗುತ್ತೆ. ನಾವೂ ಆಗ ಅರೆ ಎಚ್ಚರವಾಗುತ್ತೇವೆ, ಮಗ್ಗಲು ಬದಲಿಸುತ್ತೇವೆ, ಮತ್ತೆ ಮಲಗುತ್ತೇವೆ. ಬೆಳಗ್ಗೆ ನೆನಪೂ ಇರುವುದಿಲ್ಲ.

ಮಗು ಆ ಅರೆ ಎಚ್ಚರದಲ್ಲಿ ನೋಡುವುದು ಒಂದೇ. ನಾನು ಮಲಗಿದ್ದು ಎಲ್ಲಿ, ಈಗ ಇರುವುದು ಎಲ್ಲಿ? ಅಮ್ಮನ ಎದೆಯ ಮೇಲೆ ಕಣ್ಣು ಮುಚ್ಚಿದ್ದು, ಕಣ್ಣು ಬಿಟ್ಟರೆ ಕತ್ತಲು, ಖಾಲಿ ಹಾಸಿಗೆ. ನೀವು ಅಡುಗೆಮನೆಯಲ್ಲಿ ಏಳುತ್ತೀರಿ ಅಂದುಕೊಳ್ಳಿ, ಗಾಬರಿ ಆಗುವುದಿಲ್ವಾ? ಅದಕ್ಕೇ ಗಂಟೆಗೊಮ್ಮೆ ಕರೆಯುತ್ತಾಳೆ. ಪ್ರತಿ ಸಲವೂ ಹಸಿವೆಯಿಂದ ಅಲ್ಲ. ಮೊದಲು ನಿದ್ದೆ ಹೇಗೆ ಬಂತೋ ಹಾಗೇ ಮತ್ತೆ ಬರಲಿ ಅಂತ.

ಹಾಗಾಗಿ ಏಳುವುದನ್ನು ತಪ್ಪಿಸಲು ಹೋಗಬೇಡಿ, ಆಗುವುದೂ ಇಲ್ಲ. ಎದ್ದ ಮಗು ತಾನಾಗೇ ಮತ್ತೆ ನಿದ್ದೆಗೆ ಜಾರುವ ಹಾಗೆ ಮಾಡಿದರೆ ಸಾಕು. ಆ ಅಭ್ಯಾಸ ಶುರುವಾಗಬೇಕಾದದ್ದು ರಾತ್ರಿ ಎರಡು ಗಂಟೆಗಲ್ಲ, ಸಂಜೆ ಮೊದಲ ಸಲ ಮಲಗಿಸುವಾಗ.

ಅವಳ ಇಡೀ ದಿನ ಹೇಗಿರುತ್ತೆ ಬರೆಯಿರಿ. ಬೆಳಗ್ಗೆ ಎಷ್ಟಕ್ಕೆ ಏಳುತ್ತಾಳೆ, ಹಗಲು ಎಷ್ಟು ಸಲ ಮಲಗುತ್ತಾಳೆ, ಸಂಜೆ ಕೊನೆಯ ನಿದ್ದೆ ಯಾವಾಗ.

ಅವಳಿ ಮಕ್ಕಳ ಅಪ್ಪ

"ರಾತ್ರಿಯಿಡೀ" ಅನ್ನುವ ಮಾತೇ ನಮ್ಮನ್ನು ಜಾಸ್ತಿ ದಣಿಸಿದ್ದು. ನಮ್ಮಿಬ್ಬರು ಹುಡುಗರಿಗೆ ಆರು ತಿಂಗಳಾದಾಗ ನೆಂಟರ ಮಗುವೊಂದು ಎಂಟರಿಂದ ಎಂಟು ಮಲಗುತ್ತೆ ಅಂತ ಕೇಳಿ ನನ್ನ ಹೆಂಡತಿ ಅತ್ತುಬಿಟ್ಟಿದ್ದಳು. ಆಮೇಲೆ ನಾನು ಕೂತು ಓದಿದೆ. 1957ರಲ್ಲಿ ಲಂಡನ್ನಿನಲ್ಲಿ ಮೂರ್ ಮತ್ತು ಉಕೊ ಅನ್ನುವವರು ಈ ಬಗ್ಗೆ ಅಧ್ಯಯನ ಮಾಡಿದ್ದರು. ಅವರ ಲೆಕ್ಕದಲ್ಲಿ ರಾತ್ರಿ ಮಲಗುವುದು ಅಂದರೆ ಮಧ್ಯರಾತ್ರಿಯಿಂದ ಬೆಳಗಿನ ಐದರವರೆಗೆ. ಐದೇ ಗಂಟೆ! ಮೂರು ತಿಂಗಳಿಗೆ ಶೇ 70ರಷ್ಟು ಮಕ್ಕಳು ಅಷ್ಟು ಮಲಗುತ್ತಿದ್ದವು. ಹಾಗೆ ಮಲಗಲು ಕಲಿತ ಎಷ್ಟೋ ಮಕ್ಕಳು ಮುಂದಿನ ತಿಂಗಳುಗಳಲ್ಲಿ ಮತ್ತೆ ಏಳಲು ಶುರು ಮಾಡಿದ್ದವು. ನಿಮ್ಮ ಮಗಳ ಹಾಗೆಯೇ.

2018ರಲ್ಲಿ ಕೆನಡಾದವರು ಪ್ರಕಟಿಸಿದ ಇನ್ನೊಂದು ಅಧ್ಯಯನ ಇದೆ. ಆರು ತಿಂಗಳ ಮಕ್ಕಳಲ್ಲಿ ಶೇ 38ರಷ್ಟು ಮಕ್ಕಳು ಒಂದೇ ಸಮನೆ ಆರು ಗಂಟೆ ಮಲಗುತ್ತಿರಲಿಲ್ಲ. ಎಂಟು ಗಂಟೆ ಅಂತ ಲೆಕ್ಕ ಹಿಡಿದರೆ ಶೇ 57. ವರ್ಷ ತುಂಬಿದಾಗಲೂ ಶೇ 28ರಷ್ಟು ಮಕ್ಕಳು ಆರು ಗಂಟೆ ಮುಟ್ಟಿರಲಿಲ್ಲ. ಹಾಗೆ ಎದ್ದೇಳುವ ಮಕ್ಕಳ ಬೆಳವಣಿಗೆಯಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಇದನ್ನು ಓದಿದ ದಿನ ನಮ್ಮ ಮನೆಯಲ್ಲಿ ಏನೂ ಬದಲಾಗಲಿಲ್ಲ, ಆದರೆ ನಮ್ಮ ಮಕ್ಕಳಲ್ಲಿ ಏನೋ ಐಬಿದೆ ಅನ್ನುವ ಭಯ ಹೋಯಿತು.

ಬದಲಾಗಿದ್ದು ಪಾಳಿ ಹಾಕಿಕೊಂಡ ಮೇಲೆ. ರಾತ್ರಿ ಒಂಬತ್ತರಿಂದ ಎರಡರವರೆಗೆ ನಾನು, ಎರಡರಿಂದ ಏಳರವರೆಗೆ ಅವಳು. ನನ್ನ ಪಾಳಿಯಲ್ಲಿ ಅವಳು ಬೇರೆ ಕೋಣೆಯಲ್ಲಿ ಮಲಗುತ್ತಿದ್ದಳು. ಹಾಲಿಗೆ ಮಾತ್ರ ಎಬ್ಬಿಸುತ್ತಿದ್ದೆ. ಹಾಲಾದ ಮೇಲೆ ತೇಗು ಬರಿಸುವುದು, ಡೈಪರ್, ತಟ್ಟುವುದು ಎಲ್ಲ ನನ್ನದು. ಒಂದೇ ಸಮನೆ ನಾಲ್ಕೈದು ಗಂಟೆ ಮಲಗಿದವರಿಗೆ ಉಳಿದ ರಾತ್ರಿ ಎದುರಿಸಲು ಆಗುತ್ತೆ. ತುಂಡು ತುಂಡಾಗಿ ಎಂಟು ಗಂಟೆ ಮಲಗಿದರೂ ಅದು ನಿದ್ದೆ ಅನ್ನಿಸುವುದಿಲ್ಲ.

ನಿಮ್ಮ ಮನೆಯವರು ರಾತ್ರಿ ಏನು ಮಾಡುತ್ತಾರೆ ಅಂತ ನೀವು ಬರೆದಿಲ್ಲ. ಕೇಳಲೇಬೇಕು ಅನ್ನಿಸಿತು.

ಮೊದಲ ಸಲ ಅಮ್ಮ

ನನ್ನದೂ ಇದೇ ಗೋಳು. ನಮಗೆ ಪರಿಚಯದವರೊಬ್ಬರು ಮಲಗುವ ಮುಂಚೆ ಬಾಟಲಿ ಹಾಲಿಗೆ ಸ್ವಲ್ಪ ಹಿಟ್ಟು ಬೆರೆಸಿ ಕೊಡಿ, ಹೊಟ್ಟೆ ಗಟ್ಟಿಯಾದರೆ ಬೆಳಗಿನವರೆಗೆ ಏಳಲ್ಲ ಅಂದರು. ಇನ್ನೊಬ್ಬರು ಒಂದು ಚಮಚ ಕೆಮ್ಮಿನ ಔಷಧಿ ಸಾಕು ಅಂದರು. ಕೊಡಬಹುದಾ?

ಮಕ್ಕಳ ವಾರ್ಡ್ ನರ್ಸ್

ಎರಡೂ ಬೇಡ. ದಯವಿಟ್ಟು.

ಕೆಮ್ಮು ನೆಗಡಿಯ ಔಷಧಿಯಲ್ಲಿ ಮಂಪರು ಬರಿಸುವ ಅಂಶ ಇರುತ್ತೆ. ಅದು ಸಣ್ಣ ಮಕ್ಕಳ ಉಸಿರಾಟವನ್ನೇ ನಿಧಾನ ಮಾಡಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ಇಂಥ ಔಷಧಿಯನ್ನು ಅಂಗಡಿಯಿಂದ ತಂದು ಕೊಡಬೇಡಿ ಅಂತ ಅಮೆರಿಕದ ಔಷಧ ಇಲಾಖೆ 2008ರಲ್ಲೇ ಎಚ್ಚರಿಕೆ ಕೊಟ್ಟಿದೆ. ನಿದ್ದೆಗಾಗಿ ಕೊಡುವ ಮಾತೇ ಇಲ್ಲ. ಜೇನುತುಪ್ಪವೂ ವರ್ಷ ತುಂಬುವವರೆಗೆ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಮಗುವಿನ ಕರುಳಲ್ಲಿ ಬೆಳೆದು ವಿಷ ಮಾಡುತ್ತೆ.

ಬಾಟಲಿಗೆ ಹಿಟ್ಟು ಬೆರೆಸಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ. ಇನ್ನು ನಿದ್ದೆಯ ಲಾಭ? 1989ರಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ರಾತ್ರಿ ಹಿಟ್ಟು ತಿಂದ ಮಕ್ಕಳು ಬೇರೆಯವರಿಗಿಂತ ಜಾಸ್ತಿ ಏನೂ ಮಲಗಲಿಲ್ಲ. ಸುಮಾರು ಆರು ತಿಂಗಳಿಗೆ, ಕತ್ತು ನಿಂತು, ಕೂರಿಸಿದರೆ ಕೂರುವ ಹಾಗಾದಾಗ, ಹಗಲಲ್ಲಿ ಚಮಚದಲ್ಲಿ ಶುರು ಮಾಡಿ. ಅದು ಊಟಕ್ಕೆ, ನಿದ್ದೆಗೆ ಅಲ್ಲ.

ಅಜ್ಜಿ

ಮಗಳೇ, ನಾನು ಮೂರು ಮಕ್ಕಳನ್ನು, ಐದು ಮೊಮ್ಮಕ್ಕಳನ್ನು ಮಲಗಿಸಿದವಳು. ಈಗಿನ ಲೆಕ್ಕಾಚಾರ ನನಗೆ ಅಷ್ಟು ತಿಳಿಯದು. ಆದರೆ ಕೆಳಗೆ ಬಿಟ್ಟ ಕೂಡಲೇ ಏಳುತ್ತಾಳೆ ಅಂದೆಯಲ್ಲ, ಅದಕ್ಕೆ ನನಗೆ ಗೊತ್ತಿರುವುದು ಹೇಳುತ್ತೇನೆ. ಕಣ್ಣು ಮುಚ್ಚಿದ ತಕ್ಷಣ ಇಳಿಸಬೇಡ. ಕೈ ಹಿಡಿದೆತ್ತಿ ಬಿಟ್ಟು ನೋಡು. ಕೈ ಸೋತು ಬಿದ್ದರೆ ನಿದ್ದೆ ಗಟ್ಟಿಯಾಗಿದೆ ಅಂತ ಅರ್ಥ. ಮುಷ್ಟಿ ಬಿಗಿಯಾಗಿದ್ದರೆ ಇನ್ನೂ ಇಲ್ಲ. ಇಳಿಸುವಾಗ ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ತಲೆ. ಇಳಿಸಿದ ಮೇಲೆ ಕೈಯನ್ನು ಒಮ್ಮೆಗೇ ಎಳೆದುಕೊಳ್ಳಬೇಡ. ಎದೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇಟ್ಟಿರು.

ನಿನ್ನ ಹೊಟ್ಟೆಗೆ ಏನು ಬಿದ್ದಿದೆ ಅಂತ ಯಾರೂ ಕೇಳಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಹಗಲು ಮಗು ಮಲಗಿದಾಗ ಪಾತ್ರೆ ಬಟ್ಟೆ ಅಂತ ಓಡಬೇಡ.

ಅವಳಿ ಮಕ್ಕಳ ಅಪ್ಪ

ಅಜ್ಜಿ ಹೇಳಿದ್ದಕ್ಕೆ ಸರಿಯಾಗಿ ಹೊಂದುವ ಪ್ರಯೋಗವೊಂದಿದೆ. ಜಪಾನಿನ ರೈಕೆನ್ ಸಂಸ್ಥೆಯವರು 2022ರಲ್ಲಿ ಪ್ರಕಟಿಸಿದ್ದು. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ನಿಲ್ಲದೆ ನಡೆದರೆ ಅದರ ಎದೆಬಡಿತ ಇಳಿಯುತ್ತೆ, ಅಳು ನಿಲ್ಲುತ್ತೆ. ಸುಮ್ನೆ ಎತ್ತಿಕೊಂಡು ಕೂತರೆ ಆ ಗುಣ ಬರಲಿಲ್ಲ. ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತು, ಆಮೇಲೆ ಮಲಗಿಸಬೇಕು. ಮಗು ಎಚ್ಚರಗೊಳ್ಳುವುದು ಬೆನ್ನು ಹಾಸಿಗೆಗೆ ತಾಗಿದಾಗ ಅಂತ ನಾವು ಅಂದುಕೊಳ್ಳುತ್ತೇವೆ. ಅವರು ನೋಡಿದಾಗ ನಮ್ಮ ಮೈಯಿಂದ ಮಗುವಿನ ಮೈ ಬಿಡಿಸಿಕೊಳ್ಳಲು ಶುರುವಾದ ಕ್ಷಣದಲ್ಲೇ ಅದರ ಎದೆಬಡಿತ ಏರುತ್ತಿತ್ತು. ಅಜ್ಜಿ ಕೈ ಎಳೆದುಕೊಳ್ಳಬೇಡ ಅಂದಿದ್ದು ಇದೇ ಅಲ್ವಾ?

ನಿದ್ದೆಗೆಟ್ಟ ತಾಯಿ

ಇಷ್ಟು ಜನ ಇಷ್ಟು ಅಕ್ಕರೆಯಿಂದ ಬರೆದಿದ್ದೀರಿ. ಅಜ್ಜಿ, ನಿಮ್ಮ ಕೊನೆಯ ಸಾಲು ಓದಿ ಅಳು ಬಂತು. ಹೋಗಿ ಊಟ ಮಾಡಿದೆ.

ಅವಳ ದಿನ ಹೀಗಿದೆ. ಬೆಳಗ್ಗೆ ಏಳಕ್ಕೆ ಏಳುತ್ತಾಳೆ, ಕೆಲವೊಮ್ಮೆ ಒಂಬತ್ತು. ರಾತ್ರಿ ಕೆಟ್ಟದಾಗಿದ್ದರೆ ನಾನೂ ಮಲಗಲು ಬಿಡುತ್ತೇನೆ. ಹಗಲು ನಾಲ್ಕೈದು ಸಲ ಅರ್ಧ ಅರ್ಧ ಗಂಟೆ. ಕೊನೆಯದು ಸಂಜೆ ಆರೂವರೆಯಿಂದ ಏಳೂವರೆ. ಎಂಟಕ್ಕೆ ಮಲಗಿಸಲು ಶುರು ಮಾಡುತ್ತೇನೆ, ಅವಳು ಮಲಗುವುದು ಹತ್ತಕ್ಕೆ. ಆ ಎರಡು ಗಂಟೆ ಬರೀ ಗುದ್ದಾಟ. ಆಗ ಟಿವಿ ಓಡುತ್ತಿರುತ್ತೆ, ಲೈಟ್ ಇರುತ್ತೆ. ಹಗಲಲ್ಲಿ ಹಾಲು ಸರಿಯಾಗಿ ಕುಡಿಯಲ್ಲ, ಎರಡು ನಿಮಿಷ ಕುಡಿದು ಆ ಕಡೆ ಈ ಕಡೆ ನೋಡುತ್ತಾಳೆ.

ನಮ್ಮ ಮನೆಯವರು ಒಳ್ಳೆಯವರು. ಮಗು ಅತ್ತರೆ ಅವರೂ ಏಳುತ್ತಾರೆ. ಆದರೆ ಹಾಲು ನನ್ನಲ್ಲಿರುವುದರಿಂದ ಅವರು ಎದ್ದು ಏನು ಮಾಡುವುದು ಅಂತ ನಾನೇ ಮಲಗಿ ಅಂದುಬಿಡುತ್ತೇನೆ.

ಇಬ್ಬರು ಮಕ್ಕಳ ಅಮ್ಮ

ನೀವೇ ಬರೆದದ್ದರಲ್ಲಿ ಉತ್ತರ ಇದೆ ನೋಡಿ.

ಮೊದಲನೆಯದು ಬೆಳಗ್ಗೆ ಏಳುವ ಹೊತ್ತು. ರಾತ್ರಿ ಹೇಗಿದ್ದರೂ ಏಳಕ್ಕೆ ಎಬ್ಬಿಸಿ. ಪರದೆ ಸರಿಸಿ, ಬೆಳಕಿಗೆ ಕರೆದುಕೊಂಡು ಹೋಗಿ. ಮೈಯೊಳಗಿನ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕು. ಒಂದು ದಿನ ಏಳು, ಇನ್ನೊಂದು ದಿನ ಒಂಬತ್ತು ಆದರೆ ಅದು ಸರಿಹೋಗುವುದೇ ಇಲ್ಲ.

ಎರಡನೆಯದು ಸಂಜೆ ಆರೂವರೆಯ ನಿದ್ದೆ. ಏಳೂವರೆಗೆ ಎದ್ದ ಮಗುವಿಗೆ ಎಂಟಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಈ ವಯಸ್ಸಿನಲ್ಲಿ ಒಂದು ನಿದ್ದೆಯಿಂದ ಇನ್ನೊಂದಕ್ಕೆ ಎರಡು, ಎರಡೂವರೆ ಗಂಟೆ ಎಚ್ಚರ ಇರುವ ಶಕ್ತಿ ಹೆಚ್ಚಿನ ಮಕ್ಕಳಿಗೆ ಇರುತ್ತೆ, ನನ್ನ ಮಕ್ಕಳಿಗೂ ಅಷ್ಟೇ ಇತ್ತು. ಆ ನಿದ್ದೆಯನ್ನು ರಾತ್ರಿ ಮಲಗಿಸುವ ಹೊತ್ತಿಗಿಂತ ಎರಡು, ಎರಡೂವರೆ ಗಂಟೆ ಮುಂಚೆ ಮುಗಿಸಿ, ಅದೂ ಅರ್ಧ ಗಂಟೆ ಮಾತ್ರ. ಹಾಗಂತ ಹಗಲು ನಿದ್ದೆಯನ್ನೇ ಕಿತ್ತುಹಾಕಬೇಡಿ. ದಣಿದು ದಣಿದು ರಾತ್ರಿ ಚೆನ್ನಾಗಿ ಮಲಗಲಿ ಅಂತ ನಾನು ಒಂದು ವಾರ ಹಾಗೆ ಮಾಡಿದ್ದೆ. ಮಿತಿ ಮೀರಿ ದಣಿದ ಮಗು ಇನ್ನೂ ಜಾಸ್ತಿ ರಚ್ಚೆ ಹಿಡಿಯುತ್ತೆ. ನಾಲ್ಕರಿಂದ ಹನ್ನೆರಡು ತಿಂಗಳ ಮಗುವಿಗೆ ಹಗಲೂ ರಾತ್ರಿಯೂ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು.

ಎಂಟರಿಂದ ಹತ್ತರವರೆಗಿನ ಗುದ್ದಾಟ ಬಿಟ್ಟುಬಿಡಿ. ಸದ್ಯಕ್ಕೆ ಅವಳಿಗೆ ನಿಜವಾಗಿ ನಿದ್ದೆ ಬರುವ ಹೊತ್ತಿಗೇ, ಅಂದರೆ ಒಂಬತ್ತೂವರೆಗೇ ಮಲಗಿಸಿ. ಹಾಸಿಗೆಗೆ ಹೋದರೆ ಬೇಗ ನಿದ್ದೆ ಅನ್ನುವುದು ಕೂಡಿಕೊಂಡ ಮೇಲೆ ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ನಮಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದೇ. ಅಳು ತೀರಾ ಕಡಿಮೆ.

ಮಲಗುವ ಅರ್ಧ ಗಂಟೆ ಮುಂಚೆ ಟಿವಿ ಆರಿಸಿ, ದೀಪ ಮಂಕು ಮಾಡಿ. ದಿನವೂ ಒಂದೇ ಕ್ರಮ ಇರಲಿ. ಮೈ ಒರೆಸಿ ಅಥವಾ ಸ್ನಾನ, ಬಟ್ಟೆ ಬದಲಿಸಿ, ಹಾಲು, ಆಮೇಲೆ ಒಂದು ಜೋಗುಳ, ಹಾಸಿಗೆ. ಹಾಲು ಮೊದಲು, ಜೋಗುಳ ಆಮೇಲೆ. ಈ ಒಂದು ಅದಲು ಬದಲು ಮುಖ್ಯ. ಹಾಲು ಕುಡಿಯುತ್ತಲೇ ನಿದ್ದೆ ಹೋಗುವ ಕೊಂಡಿ ನಿಧಾನವಾಗಿ ಸಡಿಲವಾಗುತ್ತೆ. ಕಣ್ಣು ಮುಚ್ಚುತ್ತಿದೆ ಆದರೆ ಪೂರ್ತಿ ಮುಚ್ಚಿಲ್ಲ ಅನ್ನುವಾಗ ಮಲಗಿಸಿ ತಟ್ಟಿ. ಮೊದಲ ಕೆಲವು ದಿನ ಆಗುವುದೇ ಇಲ್ಲ. ಆಗದಿದ್ದರೆ ಎತ್ತಿಕೊಳ್ಳಿ, ನಾಳೆ ಮತ್ತೆ ನೋಡಿ.

ಹಗಲಲ್ಲಿ ಸದ್ದಿಲ್ಲದ ಕೋಣೆಯಲ್ಲಿ ಹಾಲು ಕೊಡಿ. ಹಗಲು ಹೊಟ್ಟೆ ತುಂಬದ ಮಗು ರಾತ್ರಿ ಲೆಕ್ಕ ಸರಿ ಮಾಡಿಕೊಳ್ಳುತ್ತೆ. ಎದೆಹಾಲು ಕುಡಿಯುವ ಆರು ತಿಂಗಳ ಮಗು ರಾತ್ರಿ ಒಂದೆರಡು ಸಲ ನಿಜವಾಗಿ ಹಸಿದು ಏಳಬಹುದು. ಅದನ್ನು ನಿಲ್ಲಿಸುವ ಯೋಚನೆ ಈಗ ಬೇಡ. ಆ ಹಾಲನ್ನು ಕತ್ತಲಲ್ಲೇ, ಮಾತಿಲ್ಲದೆ ಕೊಡಿ.

ಮುಖ್ಯವಾಗಿ, ಮುಲುಗಿದ ಕೂಡಲೇ ಎತ್ತಬೇಡಿ. ಒಂದೆರಡು ನಿಮಿಷ ಕಾಯಿರಿ. ನನ್ನ ಎರಡನೆಯವಳು ನಿದ್ದೆಯಲ್ಲೇ ಅಳುವ ಸದ್ದು ಮಾಡುತ್ತಿದ್ದಳು. ನಾನೇ ಎತ್ತಿ ಎತ್ತಿ ಎಬ್ಬಿಸುತ್ತಿದ್ದೆ ಅಂತ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಎದೆಗಪ್ಪಿಕೊಂಡ ಅಮ್ಮ

ಅಳಲು ಬಿಡುವ ಬಗ್ಗೆ ನೀವು ಕೇಳಿದ್ದಕ್ಕೆ ಯಾರೂ ನೇರವಾಗಿ ಹೇಳಿಲ್ಲ. ನಾನು ಹೇಳುತ್ತೇನೆ. ನನ್ನಿಂದ ಆಗಲಿಲ್ಲ. ನಾಲ್ಕು ನಿಮಿಷಕ್ಕೆ ನನ್ನ ಮೈಯೆಲ್ಲ ಬೆವರಿ ಒಳಗೆ ಓಡಿದ್ದೆ. ಮಾತು ಬಾರದ ಮಗುವಿಗೆ ಕರೆಯಲು ಇರುವುದು ಅಳು ಒಂದೇ. ಕರೆದರೂ ಯಾರೂ ಬರಲ್ಲ ಅಂತ ಅದಕ್ಕೆ ಕಲಿಸಲು ನನಗೆ ಇಷ್ಟವಿರಲಿಲ್ಲ. ಒಂದು ವರ್ಷ ಎರಡು ತಿಂಗಳಿಗೆ ಅವನು ತಾನಾಗೇ ಮಲಗಲು ಶುರು ಮಾಡಿದ. ಕಷ್ಟವಾಯಿತು, ಪಶ್ಚಾತ್ತಾಪ ಇಲ್ಲ.

ಮತ್ತೆ ಕೆಲಸಕ್ಕೆ ಹೋದ ಅಮ್ಮ

ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತೆ, ಅಕ್ಕ. ಆದರೆ ನನಗೆ ಒಂದು ವರ್ಷ ಕಾಯುವ ಶಕ್ತಿ ಇರಲಿಲ್ಲ. ದಾರಿಯಲ್ಲಿ ಗಾಡಿ ಓಡಿಸುವಾಗ ಕಣ್ಣು ಮುಚ್ಚಿ ಹೋಗುತ್ತಿತ್ತು. ಏಳನೇ ತಿಂಗಳಿಗೆ ನಾವು ಹೊತ್ತು ನೋಡಿಕೊಂಡು ಹೋಗಿ ಬರುವ ಕ್ರಮ ಹಿಡಿದೆವು. ಮಲಗಿಸಿ ಹೊರಬರುವುದು, ಅತ್ತರೆ ಮೂರು ನಿಮಿಷಕ್ಕೆ ಹೋಗಿ ತಟ್ಟಿ ಮಾತಾಡಿಸುವುದು, ಆಮೇಲೆ ಐದು ನಿಮಿಷಕ್ಕೆ, ಆಮೇಲೆ ಹತ್ತು. ಮಗುವನ್ನು ಒಂಟಿ ಬಿಟ್ಟು ಬಾಗಿಲು ಹಾಕಿಕೊಳ್ಳುವುದಲ್ಲ ಇದು. ಮೊದಲ ರಾತ್ರಿ 40 ನಿಮಿಷ, ಮೂರನೇ ರಾತ್ರಿ 12 ನಿಮಿಷ. ಐದನೇ ರಾತ್ರಿ ಅಳಲಿಲ್ಲ.

ಮನಸ್ಸಿಗೆ ಪೆಟ್ಟು ಅನ್ನುವ ಭಯ ನನಗೂ ಇತ್ತು. ಆಸ್ಟ್ರೇಲಿಯಾದಲ್ಲಿ 2016ರಲ್ಲಿ 43 ಮಕ್ಕಳ ಮೇಲೆ ಒಂದು ಅಧ್ಯಯನ ಪ್ರಕಟವಾಯಿತು. ಕೆಲವರು ಈ ಕ್ರಮ, ಕೆಲವರು ಮಲಗುವ ಹೊತ್ತು ಸರಿಸುವ ಕ್ರಮ, ಕೆಲವರು ಏನೂ ಇಲ್ಲ. ವರ್ಷದ ನಂತರ ನೋಡಿದಾಗ ತಾಯಿ ಮಗುವಿನ ನಂಟಿನಲ್ಲಿ ಗುಂಪು ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಯದೇ ಇನ್ನೊಂದು ಅಧ್ಯಯನ 326 ಮಕ್ಕಳನ್ನು ಆರು ವರ್ಷದ ತನಕ ಗಮನಿಸಿ 2012ರಲ್ಲಿ ವರದಿ ಮಾಡಿತು. ದೀರ್ಘಕಾಲದ ಹಾನಿ ಕಾಣಲಿಲ್ಲ. ದೀರ್ಘಕಾಲದ ಲಾಭವೂ ಕಾಣಲಿಲ್ಲ, ಅದನ್ನೂ ಹೇಳಬೇಕು. ಹಾಗಾಗಿ ಮಾಡಿದವರು ಕ್ರೂರಿಗಳಲ್ಲ, ಮಾಡದವರು ಮಗುವನ್ನು ಹಾಳು ಮಾಡಿದವರೂ ಅಲ್ಲ.

ಎದೆಗಪ್ಪಿಕೊಂಡ ಅಮ್ಮ

43 ಮಕ್ಕಳು ತುಂಬಾ ಕಡಿಮೆ ಅಂತ ನನಗೆ ಅನ್ನಿಸುತ್ತೆ. ಆದರೆ ನೀವು ಗಾಡಿ ಓಡಿಸುವ ವಿಷಯ ಹೇಳಿದ್ದು ಮನಸ್ಸಿಗೆ ತಾಗಿತು. ನನಗೆ ಮನೆಯಲ್ಲೇ ಇರುವ ಅನುಕೂಲ ಇತ್ತು. ಅದು ಎಲ್ಲರಿಗೂ ಇರುವುದಿಲ್ಲ.

ಮಕ್ಕಳ ವಾರ್ಡ್ ನರ್ಸ್

ಯಾವ ಕ್ರಮ ಹಿಡಿದರೂ ಒಂದಿಷ್ಟು ನೋಡಿಕೊಳ್ಳಿ. ನಾಲ್ಕು ತಿಂಗಳಿಗಿಂತ ಚಿಕ್ಕ ಮಗುವಿಗೆ ಈ ಯಾವ ಅಭ್ಯಾಸವೂ ಬೇಡ. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಗುವಾದರೆ ಹುಟ್ಟಬೇಕಿದ್ದ ದಿನದಿಂದ ವಯಸ್ಸು ಎಣಿಸಿ. ಜ್ವರ, ನೆಗಡಿ, ಕಿವಿನೋವು ಇದ್ದಾಗ ಅಭ್ಯಾಸ ನಿಲ್ಲಿಸಿ, ಮಗುವಿಗೆ ಬೇಕಾದ ಹಾಗಿರಿ. ತೂಕ ಏರದಿದ್ದರೆ, ನಿದ್ದೆಯಲ್ಲಿ ದಿನವೂ ಗೊರಕೆ ಹೊಡೆದರೆ, ಉಸಿರು ನಿಂತು ನಿಂತು ಬಂದಂತೆ ಅನ್ನಿಸಿದರೆ, ಹಾಲು ಕುಡಿದ ಮೇಲೆ ಬೆನ್ನು ಬಿಲ್ಲಿನಂತೆ ಬಾಗಿಸಿ ಚೀರಿದರೆ ಡಾಕ್ಟರಿಗೆ ತೋರಿಸಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಬೆಳಗಾಗುವವರೆಗೂ ಕಾಯಬೇಡಿ.

ಮಳೆಯ ಸದ್ದು, ಫ್ಯಾನ್ ಸದ್ದು ಹಾಕುವ ಯಂತ್ರ ಬಳಸುವುದಾದರೆ ಮಗುವಿನಿಂದ ಕನಿಷ್ಠ ಎರಡು ಮೀಟರ್ ದೂರ, ಸದ್ದು ಮೆಲ್ಲಗೆ. 2014ರಲ್ಲಿ ಪರೀಕ್ಷಿಸಿದಾಗ ಕೆಲವು ಯಂತ್ರಗಳ ಗರಿಷ್ಠ ಸದ್ದು ಹತ್ತಿರದಲ್ಲಿ 85 ಡೆಸಿಬಲ್ ದಾಟಿತ್ತು. ಅದು ಕಿವಿಗೆ ಕೆಟ್ಟದ್ದು.

ನಿದ್ದೆಗೆಟ್ಟ ತಾಯಿ

ಒಂಬತ್ತು ದಿನದ ಸುದ್ದಿ.

ನಾವು ಅಳಲು ಬಿಡುವುದು ಬೇಡ ಅಂತ ತೀರ್ಮಾನ ಮಾಡಿದೆವು. ಸದ್ಯಕ್ಕೆ. ಬೆಳಗ್ಗೆ ಏಳಕ್ಕೆ ಎಬ್ಬಿಸುವುದು, ಸಂಜೆ ನಿದ್ದೆ ಮೊಟಕು, ಒಂಬತ್ತೂವರೆಗೆ ಹಾಸಿಗೆ. ಮೊದಲ ಮೂರು ದಿನ ಯಾಕಾದರೂ ಶುರು ಮಾಡಿದೆವೋ ಅನ್ನಿಸಿತು. ನಾಲ್ಕನೇ ದಿನ ಒಂಬತ್ತೂವರೆಗೆ ಮಲಗಿಸಿ ತಟ್ಟಿದೆ, ಹತ್ತು ನಿಮಿಷ ಕೊಸರಾಡಿ ಮಲಗಿದಳು. ನನಗೆ ನಂಬಲಾಗಲಿಲ್ಲ. ಆರನೇ ರಾತ್ರಿ ಒಂದೇ ಸಮನೆ ಮೂರೂವರೆ ಗಂಟೆ. ಈಗ ಒಂಬತ್ತಕ್ಕೆ ಮಲಗುತ್ತಾಳೆ.

ರಾತ್ರಿ ಎರಡರವರೆಗೆ ಅವರ ಪಾಳಿ. ಮೊದಲ ದಿನ ಅವರು ಎತ್ತಿಕೊಂಡಾಗ ಜೋರಾಗಿ ಅತ್ತಳು. ನಾನು ಬಾಗಿಲ ಹೊರಗೆ ನಿಂತಿದ್ದೆ. ಅವರು ಓಡಾಡುತ್ತಲೇ ಇದ್ದರು, ಮೆಲ್ಲಗೆ ಏನೋ ಗುನುಗುತ್ತಿದ್ದರು. ಅವರು ಹಾಡಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಐದಾರು ನಿಮಿಷಕ್ಕೆ ಹೆಗಲ ಮೇಲೆ ಮಲಗಿದಳು. ಹಾಲಿಲ್ಲದೆ!

ಒಂದು ಹೊಸ ಭಯ. ಮಲಗಿದ ಮೇಲೆ ಬೋರಲಾಗುತ್ತಾಳೆ. ರಾತ್ರಿಯಿಡೀ ತಿರುಗಿಸುತ್ತಾ ಇರಬೇಕಾ?

ಮಕ್ಕಳ ವಾರ್ಡ್ ನರ್ಸ್

ಮಲಗಿಸುವಾಗ ಅಂಗಾತವೇ ಮಲಗಿಸಿ. ಅಂಗಾತದಿಂದ ಬೋರಲಿಗೆ, ಬೋರಲಿನಿಂದ ಅಂಗಾತಕ್ಕೆ ಎರಡೂ ತಾನೇ ಆಗುವಷ್ಟು ಬಲ ಬಂದಿದ್ದರೆ, ಆಮೇಲೆ ಅವಳು ಹೇಗೆ ತಿರುಗಿದರೂ ಬಿಡಬಹುದು. ಹಾಸಿಗೆ ಖಾಲಿ ಇರಬೇಕು, ಅಷ್ಟೇ. ಒಂದು ಕಡೆಗೆ ಮಾತ್ರ ಬರುತ್ತೆ ಅನ್ನುವುದಾದರೆ ನೀವು ನೋಡಿದಾಗ ಮೆಲ್ಲಗೆ ತಿರುಗಿಸಿ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವ ಅಭ್ಯಾಸ ಇನ್ನೂ ಇದ್ದರೆ ಇವತ್ತೇ ನಿಲ್ಲಿಸಿ. ಬೋರಲಾದ ಮಗುವಿಗೆ ಕೈ ಬಿಡುವಾಗಿರಬೇಕು. ಹಗಲು ಎಚ್ಚರವಿದ್ದಾಗ ನಿಮ್ಮ ಕಣ್ಣ ಮುಂದೆ ಜಾಸ್ತಿ ಹೊತ್ತು ಬೋರಲು ಹಾಕಿ ಆಡಿಸಿ, ಬೇಗ ಕಲಿಯುತ್ತಾಳೆ.

ಎಂಟು ತಿಂಗಳ ಮಗುವಿನ ಅಪ್ಪ

ನಮ್ಮವನು ಆರು ತಿಂಗಳಿಗೆ ಚೆನ್ನಾಗಿ ಮಲಗಲು ಕಲಿತಿದ್ದ. ಈಗ ಕೋಣೆಯಿಂದ ಹೊರಗೆ ಹೆಜ್ಜೆ ಇಟ್ಟರೆ ಚೀರುತ್ತಾನೆ. ನಡುರಾತ್ರಿ ಎದ್ದು ಅಂಬೆಗಾಲಿಡುತ್ತಾನೆ. ಎಲ್ಲ ಮೊದಲಿನಿಂದ ಶುರು ಮಾಡಬೇಕಾ?

ಇಬ್ಬರು ಮಕ್ಕಳ ಅಮ್ಮ

ಬೇಡ. ಈ ವಯಸ್ಸಿಗೆ ಕಣ್ಣಿಗೆ ಕಾಣದಿದ್ದರೂ ನೀವು ಎಲ್ಲೋ ಇದ್ದೀರಿ ಅಂತ ಅವನಿಗೆ ತಿಳಿಯತೊಡಗಿದೆ. ವಾಪಸ್ ಬರುತ್ತೀರಿ ಅಂತ ಇನ್ನೂ ತಿಳಿದಿಲ್ಲ. ಹಗಲಲ್ಲಿ ಬಟ್ಟೆ ಮರೆಮಾಡಿ ಮುಖ ತೋರಿಸುವ ಆಟ ಆಡಿ. ಹೋಗುವಾಗ ಹೇಳಿ ಹೋಗಿ, ಬಂದಾಗ ಮುಖ ತೋರಿಸಿ. ಕದ್ದು ಹೋಗಬೇಡಿ. ಅಂಬೆಗಾಲನ್ನು ಹಗಲು ಮನಸೋಇಚ್ಛೆ ಆಡಲು ಬಿಡಿ. ಮಲಗುವ ಹೊತ್ತು, ಕ್ರಮ ಅದೇ ಇರಲಿ. ನಮ್ಮಲ್ಲಿ ಮೂರು ವಾರಕ್ಕೆ ಇಳಿಯಿತು.

ನಿದ್ದೆಗೆಟ್ಟ ತಾಯಿ

ಇವತ್ತಿಗೆ ಇಪ್ಪತ್ತೊಂದು ದಿನ. ನಡುವೆ ನೆಗಡಿಯಾಗಿ ನಾಲ್ಕು ರಾತ್ರಿ ಎಲ್ಲ ಕೈಬಿಟ್ಟಿದ್ದೆವು, ಎದೆಯ ಮೇಲೇ ಇದ್ದಳು. ನಾನೂ ಅವರೂ ಸರದಿಯಲ್ಲಿ ಎಚ್ಚರವಿದ್ದೆವು. ವಾಸಿಯಾದ ಮೇಲೆ ಎರಡೇ ದಿನಕ್ಕೆ ಹಳೆಯ ಕ್ರಮಕ್ಕೆ ಬಂದಳು. ಈಗ ಎಂಟೂವರೆಗೆ ಮಲಗುತ್ತಾಳೆ, ಹನ್ನೆರಡೂವರೆಗೆ ಒಮ್ಮೆ, ನಾಲ್ಕೂಕಾಲಿಗೆ ಒಮ್ಮೆ ಹಾಲು. ಇದು ರಾತ್ರಿಯಿಡೀ ಅಲ್ಲ ಅಂತ ಗೊತ್ತು. ನನಗೆ ಇಷ್ಟು ಸಾಕು.

ಮೊನ್ನೆ ಎರಡು ಗಂಟೆಗೆ ಅವಳು ಮುಲುಗಿದ್ದು ಕೇಳಿ ಎದ್ದು ಕೂತೆ. ಕೈ ಮುಂದೆ ಹೋಯಿತು, ತಡೆದುಕೊಂಡೆ. ಅವಳು ಕಣ್ಣು ಬಿಟ್ಟಳು, ಕತ್ತಲಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು, ಬೆರಳು ಬಾಯಿಗೆ ಹಾಕಿಕೊಂಡು ತಲೆ ಆ ಕಡೆ ಹೊರಳಿಸಿ ಮಲಗಿದಳು.

ಒಂದು ಮಾತು ಕೇಳಬೇಕಿತ್ತು. ಅವಳು ಮಲಗುತ್ತಾಳೆ, ನನಗೆ ನಿದ್ದೆ ಬರುವುದಿಲ್ಲ. ಬೆಳಗಿನವರೆಗೂ ಕಣ್ಣು ಬಿಟ್ಟುಕೊಂಡೇ ಇರುತ್ತೇನೆ. ಸೋಫಾದ ಆ ರಾತ್ರಿ ಮತ್ತೆ ಮತ್ತೆ ಬರುತ್ತೆ. ಕಾರಣ ಇಲ್ಲದೆ ಅಳು ಬರುತ್ತೆ. ಇದೂ ಸುಸ್ತಿನಿಂದಲೇ ಅಲ್ವಾ?

ಮಕ್ಕಳ ವಾರ್ಡ್ ನರ್ಸ್

ಬರೆದಿದ್ದು ತುಂಬಾ ಒಳ್ಳೆಯದಾಯಿತು. ಸುಸ್ತಾದವರಿಗೆ ಮಗು ಮಲಗಿದ ಕೂಡಲೇ ನಿದ್ದೆ ಎಳೆಯುತ್ತೆ. ಮಗು ಮಲಗಿದರೂ, ಅವಕಾಶ ಇದ್ದರೂ ನಿದ್ದೆ ಬರುತ್ತಿಲ್ಲ, ಹೆದರಿಕೆಯ ಯೋಚನೆ ಬಿಡುತ್ತಿಲ್ಲ, ಅಳು ಬರುತ್ತೆ ಅಂದರೆ ಅದು ಹೆರಿಗೆಯ ನಂತರ ಬರುವ ಖಿನ್ನತೆಯೋ ಆತಂಕವೋ ಇರಬಹುದು. ಹೆರಿಗೆಯಾದ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಬರಬಹುದು. ಇದಕ್ಕೆ ಚಿಕಿತ್ಸೆ ಇದೆ, ವಾಸಿಯಾಗುತ್ತೆ. ಎದೆಹಾಲು ಕೊಡುವಾಗ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ಈ ವಾರವೇ ನಿಮ್ಮ ಡಾಕ್ಟರನ್ನು ನೋಡಿ. ನಿಮಗಾಗಿ, ಮಗುವಿಗಾಗಿ ಅಲ್ಲ. ನಿಮಗೋ ಮಗುವಿಗೋ ಏನಾದರೂ ಮಾಡಿಕೊಂಡುಬಿಡಬೇಕು ಅನ್ನುವ ಯೋಚನೆ ಬಂದರೆ ಆ ಕ್ಷಣವೇ ಮನೆಯವರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಿ.

ಅಜ್ಜಿ

ಮಗಳೇ, ಗಂಡನಿಗೆ ಹೇಳಿದ್ದೀಯಾ?

ನಿದ್ದೆಗೆಟ್ಟ ತಾಯಿ

ಇಲ್ಲ ಅಜ್ಜಿ, ಹೇಳಿರಲಿಲ್ಲ. ಈಗ ತೋರಿಸಿದೆ. ಓದಿ ಸುಮ್ಮನೆ ಕೈ ಹಿಡಿದುಕೊಂಡು ಕೂತಿದ್ದಾರೆ. ಸೋಮವಾರ ಬೆಳಗ್ಗೆ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಅವರು ರಜೆ ಹಾಕಿದ್ದಾರೆ.